ದಮಯಂತಕ್ಕನ ಅಂಟೆನಾ

ನನ್ನ ಮಗಳು ಆಶ್ರಿತಾಳಿಗೆ ಇನ್ನೂ ವರ್ಷ ತುಂಬಿಲ್ಲ. ಹಲ್ಲು ಬರುತ್ತಿದೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ಯಾರ ಮೇಲೂ ದೂರು ಕೊಡುವ ವಯಸ್ಸಲ್ಲ. ಆದರೂ ಖಾರಘರದ ನಮ್ಮ ಸೊಸೈಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಅವಳ ಹೆಸರು ಹಿಡಿದು ಒಂದು ದೂರು ಬಂತು. ಎರಡನೇ ಮಹಡಿಯ ಆಶ್ರಿತಾಳಂಥ ಎಳೆಮಕ್ಕಳ ಆರೋಗ್ಯಕ್ಕೆ ಅಪಾಯವಂತೆ, ಬಾಗಿಲ ಬಳಿಯ ಇಂಟರ್‌ಕಾಮ್ ಎಲ್ಲ ಮನೆಗಳಲ್ಲೂ ಗೊರಗೊರ ಅನ್ನುತ್ತಿದೆಯಂತೆ, ಎಲ್ಲಕ್ಕೂ ಟೆರೇಸಿನ ಮೇಲಿನ ಅನಧಿಕೃತ ಅಂಟೆನಾವೇ ಕಾರಣವಂತೆ. ಭಾನುವಾರದೊಳಗೆ ಅದನ್ನು ಕೀಳಿಸಬೇಕಂತೆ. ಬರೆದವರು ಸೆಕ್ರೆಟರಿ ಹೃಷಿಕೇಶ್.

ನನ್ನನ್ನಾಗಲಿ ನನ್ನ ಗಂಡ ಶ್ರೀನಿಯನ್ನಾಗಲಿ ಒಂದು ಮಾತು ಕೇಳಿರಲಿಲ್ಲ. ಆ ಸಂದೇಶ ಬಂದ ಹೊತ್ತಿನಲ್ಲಿ ಅಪಾಯದಲ್ಲಿದ್ದ ಮಗು ಎದುರು ಮನೆಯಲ್ಲಿ, ಅಂಟೆನಾದ ಒಡತಿಯ ಕಾಲುಗಳ ಮೇಲೆ ಬೋರಲಾಗಿ ಮಲಗಿಕೊಂಡು ಬೆನ್ನಿಗೆ ತೆಂಗಿನೆಣ್ಣೆ ಹಚ್ಚಿಸಿಕೊಳ್ಳುತ್ತಿತ್ತು. ನಾನು ಸಂದೇಶವನ್ನು ಗಟ್ಟಿಯಾಗಿ ಓದಿ ಹೇಳಿದೆ. ದಮಯಂತಕ್ಕ ಕೈ ನಿಲ್ಲಿಸಲಿಲ್ಲ.

"ಇವಳಿಗೆ ಅಪಾಯವಾ?" ಎಂದರು. "ಎಣ್ಣೆ ಹಚ್ಚುವಾಗ ಜಾರಿ ಬಿದ್ದರೆ ಉಂಟು ಅಪಾಯ. ಹಿಡ್ಕೊ ಮಾರಾಯ್ತಿ, ತಿರುಗಿಸ್ಬೇಕು."

ನಾನು ಮೊದಲು ಅವರನ್ನು ಆಂಟಿ ಎಂದು ಕರೆಯುತ್ತಿದ್ದೆ. ಆಂಟಿ ಅಂದರೆ ಬಾಗಿಲು ತೆಗೆಯುವುದಿಲ್ಲ ಎಂದು ಹೆದರಿಸಿದ ಮೇಲೆ ಅಕ್ಕ ಆದರು. ನನ್ನದು ಮೈಸೂರು, ಅವರದು ಮಲ್ಪೆಯ ಹತ್ತಿರದ ಮೀನುಗಾರರ ಮನೆ. ಮನೆಯಲ್ಲಿ ತುಳು, ನನ್ನ ಜೊತೆ ಕನ್ನಡ, ತರಕಾರಿಯವನ ಜೊತೆ ಮರಾಠಿ. ಮದುವೆಗೆ ಮುಂಚೆ ಅವರ ಪಕ್ಕದ ಮನೆಯ ಚಾವಡಿಯಲ್ಲಿ ಕಡಲಿನ ಬೋಟುಗಳ ಜೊತೆ ಮಾತಾಡುವ ವೈರ್‌ಲೆಸ್ ಸೆಟ್ ಇತ್ತಂತೆ. ಗಾಳಿ ಎದ್ದ ದಿನ ಹೆಂಗಸರೆಲ್ಲ ಅಲ್ಲಿ ಕೂತು, ಆ ಭೋರ್ಗರೆತದೊಳಗೆ ತಂತಮ್ಮ ಗಂಡಸರ ದನಿ ಹುಡುಕುತ್ತಿದ್ದರಂತೆ. ತನ್ನ ಅಪ್ಪ ಮಾತಾಡುವ ಮೊದಲು ಕೆಮ್ಮುತ್ತಿದ್ದರೆಂದೂ ಆ ಕೆಮ್ಮು ಕೇಳಿದರೆ ಸಾಕಿತ್ತೆಂದೂ ದಮಯಂತಕ್ಕ ಒಂದು ದಿನ ಬಟ್ಟೆ ಮಡಿಸುತ್ತಾ ಹೇಳಿದ್ದರು.

ಮದುವೆಯಾಗಿ ಬಂದದ್ದು ಕಳಂಬೋಲಿಗೆ. ಗಂಡ ಹರಿಶ್ಚಂದ್ರ ಅಲ್ಲಿ ಕಬ್ಬಿಣದ ಬಜಾರಿನ ಲಾರಿಯವರಿಗಾಗಿ ಒಂದು ಸಣ್ಣ ಹೋಟೆಲ್ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ದಮಯಂತಕ್ಕ ಆ ಹೋಟೆಲನ್ನು ಬಿಟ್ಟು, ಖಾರಘರ ಗುಡ್ಡದ ಬುಡದಲ್ಲಿ ಚಹಾ-ಬನ್ಸಿನ ಗಾಡಿ ಇಟ್ಟರು. ಮಳೆಗಾಲದಲ್ಲಿ ಗುಡ್ಡ ಹತ್ತಲು ಬರುವವರೇ ಗಿರಾಕಿಗಳು. ಒಂದು ವರ್ಷ ಮೇಲೆ ಹೋದ ಹುಡುಗರು ಮಂಜಿನಲ್ಲಿ ದಾರಿ ತಪ್ಪಿದಾಗ ಗುಡ್ಡದ ಹಿಂದಿನ ಪಾಡಾದವರು, ಅಂದರೆ ಆದಿವಾಸಿ ಹಾಡಿಯ ಜನ, ಅವರನ್ನು ಹುಡುಕಿ ತಂದರು. ಪಾಡಾದಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಅದಕ್ಕೆಂದು ಚಾರಣದ ಗುಂಪಿನವರು ಸಿ.ಬಿ. ರೇಡಿಯೋ ಸೆಟ್‌ಗಳನ್ನು ತಂದು ಒಂದನ್ನು ಪಾಡಾದ ಆಶಾ ಕಾರ್ಯಕರ್ತೆ ಮನೀಶಾ ತಾಯಿಗೂ (ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ) ಇನ್ನೊಂದನ್ನು ದಮಯಂತಕ್ಕನ ಗಾಡಿಗೂ ಕೊಟ್ಟರು. ಲೈಸೆನ್ಸ್ ಬೇಡದ, ಕಡಿಮೆ ಶಕ್ತಿಯ, ಗುಂಡಿ ಒತ್ತಿ ಮಾತಾಡುವ ಸೆಟ್. ಗುಂಪಿನವರು ಕೆಲಸ, ಮದುವೆ ಎಂದು ಚೆದುರಿ ಹೋದರು. ರಸ್ತೆ ಅಗಲ ಮಾಡುವಾಗ ಗಾಡಿಯೂ ಹೋಯಿತು. ಸೆಟ್ ಮಾತ್ರ ಅಕ್ಕನ ಜೊತೆ ಮನೆಗೆ ಬಂತು. ಹಳೆಯ ಸೆಕ್ರೆಟರಿ ಬಾಯಿಮಾತಿನಲ್ಲೇ ಒಪ್ಪಿ, ಟೆರೇಸಿನ ಮೇಲೆ ಅಂಟೆನಾ ನಿಲ್ಲಿಸಲು ಬಿಟ್ಟಿದ್ದರು. ಅದರ ಕೇಬಲ್, ಕಟ್ಟಡದ ತಂತಿಗಳೆಲ್ಲ ಹಾಯುವ ಡಕ್ಟಿನೊಳಗಿಂದ ಎರಡನೇ ಮಹಡಿಗೆ ಇಳಿದು ಬರುತ್ತದೆ.

ಪಾಡಾದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಹೆರಿಗೆ ನೋವು ಬಂದರೆ ಮನೀಶಾ ತಾಯಿ ಇವರನ್ನು ಕರೆಯುತ್ತಾಳೆ. ಇವರು ಆಂಬುಲೆನ್ಸಿಗೆ ಫೋನ್ ಮಾಡಿ, ಗುಡ್ಡದ ಯಾವ ಬದಿಗೆ ಬರಬೇಕೆಂದು ತಿಳಿಸುತ್ತಾರೆ. ಅಷ್ಟರಲ್ಲಿ ಪಾಡಾದವರು ರೋಗಿಯನ್ನು ಕಂಬಳಿಯ ಜೋಳಿಗೆಯಲ್ಲಿ ಹೊತ್ತು ಇಳಿಸುತ್ತಾರೆ. ಇದೇ ನಮ್ಮ ಸಮಿತಿಯವರು ಅನಧಿಕೃತ ಎಂದು ಕರೆದ ಅಂಟೆನಾ.

ಈ ಬೇಸಿಗೆಯಲ್ಲಿ ಸೆಟ್‌ನೊಳಗೆ ಸದ್ದು ಶುರುವಾಯಿತು. ಮೊದಲು ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ. ಆಮೇಲೆ ಬಿಡದೆ ಗುಂಯ್ ಅನ್ನುವ ಒಂದೇ ರಾಗ, ಹಗಲೂ ಇರುಳೂ. ಮನೀಶಾಳ ಕೈಯಲ್ಲಿರುವುದು ಪುಟ್ಟ ಸೆಟ್, ನಡುವೆ ಗುಡ್ಡದ ಭುಜ ಬೇರೆ. ಅವಳ ದನಿ ಮೊದಲೇ ಸಣ್ಣದಾಗಿ ಬರುತ್ತಿತ್ತು, ಈಗ ಆ ಗುಂಯ್‌ನ ಅಡಿಯಲ್ಲಿ ಹೂತುಹೋಯಿತು.

ಅಕ್ಕನ ಮಗ ಜಯೇಶ್ ಐರೋಲಿಯ ಐಟಿ ಪಾರ್ಕಿನಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಇಲ್ಲೇ ಹುಟ್ಟಿ ಬೆಳೆದವನು. ತಾಯಿ ತುಳುವಿನಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಹಗಲು ನಿದ್ದೆ ಮಾಡಬೇಕಾದವನಿಗೆ ಆ ಸದ್ದು ತಡೆಯಲಾಗಲಿಲ್ಲ. ಸೆಟ್‌ನಲ್ಲಿ ಸ್ಕ್ವೆಲ್ಚ್ ಎಂಬ ಒಂದು ಗುಂಡಿ ಇದೆ. ಅದನ್ನು ತಿರುಗಿಸಿದರೆ ಒಂದು ಮಟ್ಟಕ್ಕಿಂತ ಕೆಳಗಿನ ಸದ್ದೆಲ್ಲ ಬಾಯಿ ಮುಚ್ಚುತ್ತದೆ. ಅವನು ತಿರುಗಿಸಿದ. ಮನೆ ತಣ್ಣಗಾಯಿತು. ಅಕ್ಕನಿಗೂ ಒಂದು ಮಧ್ಯಾಹ್ನ ಹಾಯಾಗಿ ಕಣ್ಣು ಹತ್ತಿತು.

ಆ ಮಧ್ಯಾಹ್ನವೇ ಪಾಡಾದ ಒಬ್ಬ ಹುಡುಗಿಗೆ ನೋವು ಬಂದಿತ್ತು. ಮನೀಶಾ ಕರೆದಳು, ಕರೆದಳು. ಅವಳ ಸಣ್ಣ ದನಿಯೂ ಆ ಮಟ್ಟದ ಕೆಳಗೇ ಇದ್ದದ್ದರಿಂದ ಇಲ್ಲಿ ಸೆಟ್ ಸುಮ್ಮನಿತ್ತು. ಕೊನೆಗೆ ಜೋಳಿಗೆಯಲ್ಲಿ ಹೊತ್ತು ಇಳಿಸುವಾಗ ಅರ್ಧ ದಾರಿಯ ಬಂಡೆಯ ಮೇಲೆ ಹೆರಿಗೆಯಾಯಿತು. ಮಗು ಉಳಿಯಿತು. ಹೆತ್ತವಳು ರಕ್ತ ಹೋಗಿ ಹೋಗಿ ಆಸ್ಪತ್ರೆಯಲ್ಲಿ ಬಹಳ ದಿನ ಬಿಳುಚಿಕೊಂಡು ಮಲಗಿದ್ದಳು. ಮನೀಶಾ ತಾಯಿ ಒಂದು ದಿನ ಗುಡ್ಡ ಇಳಿದು ಬಂದು ಈ ಮನೆಯ ಸೋಫಾದ ತುದಿಯಲ್ಲಿ ಕೂತಳು. ಬೈಯಲಿಲ್ಲ. "ಅಕ್ಕಾ, ಕಿತೀ ಹಾಕಾ ಮಾರಲ್ಯಾ ಮೀ" ಎಂದಳು, ಅಷ್ಟೆ. ಎಷ್ಟು ಸಲ ಕೂಗಿದೆ ಅಕ್ಕಾ, ಎಂದು.

ಅಂದಿನಿಂದ ದಮಯಂತಕ್ಕ ಆ ಗುಂಡಿಯನ್ನು ಪೂರಾ ಹಿಂದಕ್ಕೆ ತಿರುಗಿಸಿಟ್ಟು, ಗುಂಯ್ ರಾಗದ ಪಕ್ಕದಲ್ಲೇ ಅಡುಗೆ ಮಾಡುತ್ತಾರೆ, ಊಟ ಮಾಡುತ್ತಾರೆ. ಪಾಡಾದಲ್ಲಿ ಇನ್ನೊಬ್ಬಳು ಚೊಚ್ಚಿಲ ಬಸುರಿಗೆ ಇದೇ ತಿಂಗಳು ದಿನ ತುಂಬುತ್ತದೆ. ಅವಳ ನೋವು ಬರುವ ಮೊದಲು ಈ ಸದ್ದು ಹೋಗಬೇಕು. ಅಕ್ಕನಿಗೆ ಬೇಕಾಗಿದ್ದದ್ದು ಅದೊಂದೇ.

ಹೃಷಿಕೇಶರ ಬಳಿ ಹೋಗಿ ಇದನ್ನೆಲ್ಲ ಹೇಳಿದೆ. ಬೆಂಗಳೂರಿನವರು, ದೊಡ್ಡ ಫೈನಾನ್ಸ್ ಕಂಪನಿಯಲ್ಲಿದ್ದಾರೆ, ಮಾತು ಮೆತ್ತಗೆ. ಅವರ ಮೆತ್ತನೆಯ ಮಾತೇ ನನ್ನ ಮೈಯೆಲ್ಲ ಉರಿಸಿತು.

"ನೋಡಿ ವೇದಾ, ಸ್ಕ್ವೆಲ್ಚ್ ಅಂತ ಒಂದು ಬಟನ್ ಇರುತ್ತಂತಲ್ಲ, ಅದನ್ನ ಹಾಕ್ಕೊಂಡ್ರೆ ಅವರ ಮನೇಲಿ ಶಬ್ದ ನಿಲ್ಲುತ್ತೆ. ಅಂಟೆನಾ ತೆಗೆದ್ರೆ ನಮ್ಮ ಮನೆಗಳಲ್ಲಿ ನಿಲ್ಲುತ್ತೆ. ಎಲ್ಲಾರ್ಗೂ ಒಳ್ಳೇದಲ್ವಾ?"

ಎಲ್ಲರಿಗೂ! ಗುಡ್ಡದ ಆಚೆಯವರು ಆ ಎಲ್ಲರೊಳಗೆ ಬರುವುದಿಲ್ಲ. ನಾನು ಬಸುರಿಯಾಗಿದ್ದಾಗ ಈ ಊರಿನಲ್ಲಿ ಮೂರು ಆಸ್ಪತ್ರೆಗಳಲ್ಲಿ ಯಾವುದು ಒಳ್ಳೆಯದೆಂದು ಶ್ರೀನಿಯ ಜೊತೆ ಜಗಳವಾಡಿದವಳು. ಆಯ್ಕೆ ಹೆಚ್ಚಾಗಿ ಜಗಳ. ಆ ಜಗಳ ನೆನಪಾಗಿ ಲಿಫ್ಟಿನಲ್ಲಿ ಇಳಿಯುವಾಗ ಮುಖ ಬಿಸಿಯಾಯಿತು.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದೆವು. ಮೊದಲು ಅಕ್ಕನ ಮನೆ. ಸೆಟ್ ಅನ್ನು ಜಯೇಶನ ಬೈಕಿನ ಬ್ಯಾಟರಿಗೆ ಸಿಕ್ಕಿಸಿ, ಮನೆಯ ಮೇನ್ ಸ್ವಿಚ್ ತೆಗೆದು ಕೇಳುವುದು. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಮೇನ್ ತೆಗೆಯುವ ಮೊದಲು ಅಕ್ಕ ದೇವರ ಗೂಡಿನ ಮುಂದೆ ಎಣ್ಣೆ ದೀಪ ಹಚ್ಚಿದರು. ಅಲ್ಲಿದ್ದ ಸಣ್ಣ ಕೆಂಪು ಬಲ್ಬು ಆರಿಹೋಗುತ್ತದಲ್ಲ, ದೇವರನ್ನು ಕತ್ತಲಲ್ಲಿ ಕೂರಿಸುವುದು ಹೇಗೆ. ಜಯೇಶ್ ನಕ್ಕ. ಮೇನ್ ತೆಗೆದೆವು. ಸದ್ದು ನಿಲ್ಲಲಿಲ್ಲ. ಆಮೇಲೆ ನಮ್ಮ ಮನೆ. ಫ್ರೀಜರಿನಲ್ಲಿ ನಾನು ಹಿಂಡಿಟ್ಟ ಹಾಲಿನ ಚೀಲಗಳಿದ್ದವು, ಅವನ್ನು ಟವೆಲ್ಲಿನಲ್ಲಿ ಸುತ್ತಿ ಮುಚ್ಚಿ ಮೇನ್ ತೆಗೆದೆ. ಆಗಲೂ ನಿಲ್ಲಲಿಲ್ಲ.

ಶ್ರೀನಿ ಲ್ಯಾಮಿಂಗ್ಟನ್ ರಸ್ತೆಯಿಂದ ಫೆರೈಟ್ ಉಂಗುರಗಳನ್ನು ತಂದ. ಕರಿಯ, ಭಾರದ ಉಂಗುರಗಳು. ಕೇಬಲನ್ನು ಅವುಗಳ ಸುತ್ತ ಸುತ್ತಿದರೆ ಕೇಬಲಿನ ಮೈಮೇಲೆ ಹರಿದು ಬರುವ ಬೇಡದ ಸದ್ದು ತಗ್ಗುತ್ತದೆ. ತಗ್ಗಿತು, ಸ್ವಲ್ಪ. ಮನೀಶಾಳ ದನಿ ಒಮ್ಮೊಮ್ಮೆ ಅರ್ಧ ವಾಕ್ಯದಷ್ಟು ಮೇಲೆ ಬರತೊಡಗಿತು, ಮತ್ತೆ ಮುಳುಗಿತು. ಆಮೇಲೆ ನಾನು ಆಶ್ರಿತಾಳನ್ನು ಎದೆಗೆ ಕಟ್ಟಿಕೊಂಡು, ಸಣ್ಣ ಟ್ರಾನ್ಸಿಸ್ಟರ್ ಹಿಡಿದು ಮೆಟ್ಟಿಲು ಮೆಟ್ಟಿಲು ಹತ್ತಿದೆ. ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿದರೆ, ಸದ್ದು ಮಾಡುವ ವಸ್ತುವಿನ ಹತ್ತಿರ ಬಂದಾಗ ಟ್ರಾನ್ಸಿಸ್ಟರ್ ಕೂಡ ಗುಂಯ್‌ಗುಡುತ್ತದೆ. ಯಾರ ಮನೆಯ ಬಾಗಿಲ ಮುಂದೆಯೂ ಅದು ಅಷ್ಟು ಕಿರುಚಲಿಲ್ಲ. ಪ್ರತಿ ಮಹಡಿಯಲ್ಲೂ ಡಕ್ಟಿನ ಬಾಗಿಲ ಮುಂದೆ ಕಿರುಚಿತು. ಡಕ್ಟಿನೊಳಗೆ ಹೋಗುವ ಯಾವುದೋ ಒಂದು ತಂತಿ ಆ ಸದ್ದನ್ನು ಬುಡದಿಂದ ತುದಿಯವರೆಗೆ ಹೊತ್ತು ಒಯ್ಯುತ್ತಿತ್ತು. ಇಂಟರ್‌ಕಾಮಿನ ತಂತಿಗಳೂ ಅಲ್ಲೇ. ಹಾಗಾದರೆ ಇಂಟರ್‌ಕಾಮ್ ಗೊರಗುಟ್ಟಲು ಅಕ್ಕ ಕಾರಣವಲ್ಲ. ಅಕ್ಕನ ಕಿವಿ ಕೆಡಿಸಿದವರೇ ಎಲ್ಲರ ಕಿವಿ ಕೆಡಿಸಿದ್ದಾರೆ.

ಇದನ್ನು ಸಾಬೀತು ಮಾಡಬೇಕಾದರೆ ಇಡೀ ಕಟ್ಟಡದ ಕರೆಂಟ್ ತೆಗೆಯಬೇಕಿತ್ತು. ಸಮಿತಿಯವರಲ್ಲಿ ಒಬ್ಬರಿಗೆ ಕ್ರಿಕೆಟ್ ಮ್ಯಾಚು, ಇನ್ನೊಬ್ಬರಿಗೆ ವಾಷಿಂಗ್ ಮಷೀನು, ಮತ್ತೊಬ್ಬರಿಗೆ ಅಕ್ವೇರಿಯಂ ಮೀನುಗಳ ಉಸಿರು. ನಾನು ಒಬ್ಬೊಬ್ಬರ ಮನೆಗೂ ಮಗುವನ್ನು ಎತ್ತಿಕೊಂಡೇ ಹೋದೆ. ಇವಳ ಹೆಸರಿನಲ್ಲೇ ದೂರು ಹಾಕಿದ್ದೀರಲ್ಲ, ಇವಳೇ ಕೇಳುತ್ತಿದ್ದಾಳೆ ಎಂದೆ. ಕೊನೆಗೆ ಶನಿವಾರ ಮಧ್ಯಾಹ್ನ ಒಪ್ಪಿದರು. ಮನೀಶಾ ತಾಯಿ ದಿನವೂ ಆ ಹೊತ್ತಿಗೆ ಒಮ್ಮೆ ಕರೆಯುತ್ತಾಳೆ, ಅವಳ ದನಿ ಬರುತ್ತದೋ ಇಲ್ಲವೋ ಎಲ್ಲರೂ ಕೇಳಲಿ ಎಂದು ಆ ಹೊತ್ತನ್ನೇ ಆರಿಸಿದೆವು. ಸದ್ದು ನಿಂತರೆ ಅಂಟೆನಾ ಉಳಿಯುತ್ತದೆ, ನಿಲ್ಲದಿದ್ದರೆ ಸಂಜೆಯೇ ಇಳಿಸಬೇಕು ಎಂಬುದು ಹೃಷಿಕೇಶರ ಷರತ್ತು.

ಅಕ್ಕ ಸೆಟ್‌ನ ಮುಂದೆ ಕೂತರು. ಜಯೇಶ್ ಬ್ಯಾಟರಿ ಸಿಕ್ಕಿಸಿದ. ಹೃಷಿಕೇಶ್ ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತರು. ಸೊಸೈಟಿಯ ಎಲೆಕ್ಟ್ರಿಷಿಯನ್ ಲತೀಶ್, ಕಾರ್ಕಳದ ಕಡೆಯವನು, ಕೆಳಗೆ ಮೀಟರ್ ಕೋಣೆಯಲ್ಲಿದ್ದ. ಫ್ಯಾನುಗಳು ನಿಂತವು, ಲಿಫ್ಟ್ ನಿಂತಿತು, ಪಂಪಿನ ಸದ್ದು ನಿಂತಿತು. ಎಲ್ಲ ಬಂದ್ ಎಂದು ಲತೀಶ್ ಫೋನಿನಲ್ಲಿ ಹೇಳಿದ.

ಗುಂಯ್ ಮಾತ್ರ ನಿಲ್ಲಲಿಲ್ಲ. ಉಳಿದೆಲ್ಲ ಸದ್ದು ಅಡಗಿದ್ದರಿಂದ ಇನ್ನೂ ದೊಡ್ಡದಾಗಿ ಕೇಳಿತು.

"ಇಡೀ ಬಿಲ್ಡಿಂಗ್ ಆಫ್ ಇದೆ. ಅಂದ್ರೆ ನಿಮ್ಮ ಸೆಟ್ಟೇ ಶಬ್ದ ಮಾಡ್ತಿದೆ, ಅಲ್ವಾಮ್ಮಾ?" ಎಂದರು ಹೃಷಿಕೇಶ್. ಸಂಜೆ ಅಂಟೆನಾ ಇಳಿಸಲು ಲತೀಶನಿಗೆ ಅಲ್ಲಿಂದಲೇ ಫೋನಿನಲ್ಲಿ ಹೇಳಿದರು.

ದಮಯಂತಕ್ಕ ಕಿವಿಯನ್ನು ಸ್ಪೀಕರಿಗೆ ಹಚ್ಚಿ, ಕಣ್ಣು ಮುಚ್ಚಿ ಕೂತಿದ್ದರು. ಜಯೇಶ್ ಅವರ ಭುಜ ಮುಟ್ಟಿ, "ಮಮ್ಮಿ, ಛೋಡ್ ದೋ ಅಬ್" ಎಂದ. ಬಿಟ್ಟುಬಿಡು ಎನ್ನುವ ಮಾತನ್ನು ಅವನು ಅಷ್ಟು ಮೆಲ್ಲಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಫ್ಯಾನಿಲ್ಲದೆ ಆಶ್ರಿತಾ ಬೆವರಿ ಅಳತೊಡಗಿದಳು. ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದೆ. ಕೆಳಗಿನ ಪಾರ್ಕಿಂಗ್ ಕತ್ತಲಾಗಿತ್ತು. ಆ ಕತ್ತಲಿನ ಮೂಲೆಯಲ್ಲಿ ನಮ್ಮ ಸೊಸೈಟಿಯ ಸಣ್ಣ ಗಣಪತಿ ಮಂದಿರ ಝಗಝಗ ಹೊಳೆಯುತ್ತಿತ್ತು. ಈ ಬೇಸಿಗೆಯಲ್ಲಿ ಅದಕ್ಕೆ ಅಮೃತಶಿಲೆ ಹಾಕಿಸಿದ್ದರು. ಎಣ್ಣೆ ದೀಪದ ಮಸಿಗೆ ಕಲ್ಲು ಕಪ್ಪಾಗುತ್ತದೆಂದು ದೀಪವನ್ನು ತೆಗೆದು, ಎಲ್ಇಡಿಯ ಉರಿಯದ ಜ್ವಾಲೆ ಇಟ್ಟಿದ್ದರು. ಅಳುತ್ತಿದ್ದ ಮಗು ಆ ಬೆಳಕು ನೋಡಿ ಸುಮ್ಮನಾಯಿತು. ಆಮೇಲೆ ಮೀಟರ್ ಕೋಣೆಯಲ್ಲಿದ್ದ ಲತೀಶನನ್ನು ಕರೆದೆ.

"ಲತೀಶ್, ಇದು ಹೇಗೆ ಉರೀತಿದೆ?"

"ಅದು ದೇವರದ್ದಲ್ವಾ ಮೇಡಂ."

"ಎಲ್ಲ ಬಂದ್ ಅಂದ್ರಲ್ಲ."

"ಎಲ್ಲ ಬಂದೇ. ಇದು ದೇವರದ್ದು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಪ್ರತಿಷ್ಠೆಯ ದಿನ ಭಟ್ಟರು ದೀಪ ಆರಬಾರದು ಎಂದಿದ್ದರಂತೆ. ಕರೆಂಟ್ ಹೋದರೂ ಆರದಂತೆ ಅದಕ್ಕೆ ಬೇರೆ ಇನ್ವರ್ಟರ್ ಹಾಕಿದ್ದಾರೆ. ಆ ಜ್ವಾಲೆಗೆ ಕರೆಂಟ್ ಕೊಡುವ ಅಡಾಪ್ಟರಿನಿಂದಲೇ ಒಂದು ತಂತಿ ಡಕ್ಟಿನೊಳಗಿಂದ ಟೆರೇಸಿಗೆ ಹೋಗಿ, ಕೇಸರಿ ಧ್ವಜದ ಕಂಬದ ದೀಪಕ್ಕೆ ಸೇರುತ್ತದೆ. ಧ್ವಜದ ಕಂಬ ನಿಂತಿರುವುದು ಅಕ್ಕನ ಅಂಟೆನಾದ ಪಕ್ಕದಲ್ಲಿ. ನಾನು ಟ್ರಾನ್ಸಿಸ್ಟರ್ ಹಿಡಿದು ಎಲ್ಲ ಮಹಡಿ ಸುತ್ತಿದೆ, ಈ ಮಂದಿರದ ಮುಂದೆ ಚಪ್ಪಲಿ ಬಿಟ್ಟು ಕೈ ಮುಗಿದು ದಾಟಿಹೋದೆ. ಸ್ವಿಚ್ಚುಗಳ ಲೆಕ್ಕದಲ್ಲಿ ದೇವರನ್ನು ಯಾರೂ ಸೇರಿಸಿರಲಿಲ್ಲ.

ಅಕ್ಕನನ್ನೂ ಹೃಷಿಕೇಶರನ್ನೂ ಕೆಳಗೆ ಕರೆದೆ. ಜಯೇಶ್ ಸೆಟ್‌ನ ಬಳಿಯೇ ಉಳಿದ. ಟ್ರಾನ್ಸಿಸ್ಟರನ್ನು ಅಡಾಪ್ಟರಿನ ಪಕ್ಕಕ್ಕೆ ಹಿಡಿದು ತೋರಿಸಿದೆ. ಕಿವಿ ಮುಚ್ಚಿಕೊಳ್ಳುವಷ್ಟು ಕಿರುಚಿತು. ಪ್ಲಗ್ ತೆಗೆಯಿರಿ ಎಂದೆ.

ಹೃಷಿಕೇಶ್ ಹಿಂದೆ ಸರಿದರು. ಇದು ಸದಸ್ಯರ ಭಾವನೆಯ ವಿಷಯವಂತೆ. ತಾನೊಬ್ಬನೇ ನಿರ್ಧರಿಸುವಂತಿಲ್ಲವಂತೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಇಡಬೇಕಂತೆ.

ನನಗೆ ಆಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಒಬ್ಬ ಹೆಂಗಸು ಪಾಡಾದವರಿಗಾಗಿ ಇಟ್ಟುಕೊಂಡ ಅಂಟೆನಾ ಕೀಳಲು ಒಂದು ವಾಟ್ಸ್ಯಾಪ್ ಸಾಕು. ಒಂದು ಕಳಪೆ ಅಡಾಪ್ಟರ್ ಕೀಳಲು ಸಾಮಾನ್ಯ ಸಭೆ ಬೇಕು. "ಸರ್, ನನ್ನ ಮಗಳ ಹೆಸರು ಹಾಕೋಕೆ ಯಾವ ಸಭೆ ಕರೆದಿದ್ರಿ?" ಎಂದು ಕೇಳಿದೆ. ಅವರು ಫೋನ್ ನೋಡಿಕೊಂಡರು.

ದಮಯಂತಕ್ಕ ಜಗಳಕ್ಕೆ ನಿಲ್ಲಲಿಲ್ಲ. ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಮಂಡಿ ನೋವಿನ ಕಾಲಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕೈಯಲ್ಲಿ ಅವರ ಮನೆಯ ಹಿತ್ತಾಳೆ ದೀಪ, ಹಚ್ಚಿಯೇ ತಂದಿದ್ದರು, ಗಾಳಿಗೆ ಇನ್ನೊಂದು ಕೈ ಅಡ್ಡ ಹಿಡಿದು. ಅದನ್ನು ಗಣಪತಿಯ ಮುಂದೆ ಇಟ್ಟು, ಬತ್ತಿಯನ್ನು ತುಸು ಮುಂದೆ ಮಾಡಿ, ಸೆರಗಿಗೆ ಎಣ್ಣೆ ಕೈ ಒರೆಸಿಕೊಂಡರು.

"ದಿನಾ ಇಲ್ಲಿ ಕೈ ಮುಗಿದು ಹೋಗ್ತೇನೆ. ನನ್ನ ತಲೆಗೂ ಹೋಗ್ಲಿಲ್ಲ ನೋಡು" ಎಂದು ನನಗೆ ಹೇಳಿದರು. ಆಮೇಲೆ ಲತೀಶನಿಗೆ, "ದೇವರಿಗೆ ದೀಪ ಉಂಟು ಈಗ. ಅದನ್ನು ತೆಗಿ ಮಾರಾಯ."

ಲತೀಶ್ ಸೆಕ್ರೆಟರಿಯ ಮುಖ ನೋಡಿದ, ಗಣಪತಿಯ ಮುಖ ನೋಡಿದ, ಒಮ್ಮೆ ಕೈ ಮುಗಿದು ಪ್ಲಗ್ ಎಳೆದ. ನನ್ನ ಕೈಯಲ್ಲಿದ್ದ ಟ್ರಾನ್ಸಿಸ್ಟರ್ ತಟ್ಟನೆ ಮೆತ್ತಗಾಯಿತು.

ಮೇಲಿಂದ ಜಯೇಶನ ಫೋನ್ ಬಂತು. ಅಕ್ಕ ಸ್ಪೀಕರಿಗೆ ಹಾಕಿದರು. "ಮಮ್ಮಿ, ಮನೀಶಾ ತಾಯಿ ಬೋಲ್ ರಹೀ ಹೈ. ಸಾಫ್ ಆ ರಹಾ ಹೈ" ಎಂದ. ಮನೀಶಾ ಮಾತಾಡುತ್ತಿದ್ದಾಳೆ, ದನಿ ಸ್ಪಷ್ಟವಾಗಿ ಬರುತ್ತಿದೆ, ಎಂದು. ಆಮೇಲೆ, ನಾನು ಅವನ ಬಾಯಲ್ಲಿ ಎಂದೂ ಕೇಳದ ತುಳುವಿನಲ್ಲಿ, "ಅಮ್ಮ, ಬೇಗ ಬಲೆ" ಎಂದ. ಬೇಗ ಬಾ.

ಚೊಚ್ಚಿಲ ಬಸುರಿಗೆ ಬೆಳಗಿನಿಂದಲೇ ನೋವಿತ್ತಂತೆ, ಜಯೇಶ್ ಫೋನಿನಲ್ಲೇ ಹೇಳಿದ. ಮನೀಶಾ ಬೆಳಗಿನಿಂದಲೂ ಕರೆಯುತ್ತಿದ್ದಳು. ಇಡೀ ಮುಂಜಾನೆ ಅವಳ ದನಿ ನಮ್ಮ ಅಮೃತಶಿಲೆಯ ಬೆಳಕಿನಡಿ ಸಿಕ್ಕಿಕೊಂಡಿತ್ತು. ಅಕ್ಕ ಮೆಟ್ಟಿಲು ಹತ್ತುವ ಮೊದಲೇ ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅಕ್ಕ ಸೆಟ್ ಹಿಡಿದು ಯಾವ ಬದಿಯಿಂದ ಇಳಿಸುತ್ತೀರಿ ಎಂದು ಕೇಳಿದರು. ಅಲ್ಲಿಂದ ಬಂದ ಉತ್ತರವನ್ನು ನಾನು ಫೋನಿಗೆ ಹೇಳಿದೆ. ಹಿನ್ನೆಲೆಯಲ್ಲಿ ಆ ಹುಡುಗಿ ನರಳುವುದು ಕೂಡ ಕೇಳಿಸಿತು. ಅಷ್ಟು ಸಾಫ್. ಅವಳು ಆಂಬುಲೆನ್ಸ್ ಸೇರಿದಳು, ಆಸ್ಪತ್ರೆ ಸೇರಿದಳು, ಮಂಚದ ಮೇಲೆ ಹೆತ್ತಳು. ಅಷ್ಟಾದ ಮೇಲೆ ದಮಯಂತಕ್ಕ ಮಧ್ಯಾಹ್ನದ ಊಟಕ್ಕೆ ಕೂತರು.

ಸಂಜೆ ಗುಂಪಿನಲ್ಲಿ ಸಂದೇಶ ಬಂತು. ಸಮಿತಿಯ ತುರ್ತು ಕ್ರಮದಿಂದ ಇಂಟರ್‌ಕಾಮ್ ದೋಷ ಪತ್ತೆಯಾಗಿ ನಿವಾರಣೆಯಾಗಿದೆಯಂತೆ. ಅಂಟೆನಾದ ವಿಷಯ ಪರಿಶೀಲನೆಯಲ್ಲಿದೆಯಂತೆ. ದಮಯಂತಕ್ಕನ ಹೆಸರಿಲ್ಲ, ಕ್ಷಮೆಯಿಲ್ಲ. ನನ್ನ ಮಗಳ ಹೆಸರು ಹಳೆಯ ಸಂದೇಶದಲ್ಲಿ ಹಾಗೇ ಇದೆ. ಅದನ್ನು ಅಳಿಸಿ ಎಂದು ಬರೆದೆ. ಹೃಷಿಕೇಶ್ ಕೈ ಮುಗಿಯುವ ಚಿತ್ರ ಹಾಕಿದರು. ಅದರ ಅರ್ಥ ಹೌದೋ ಅಲ್ಲವೋ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ಒಳ್ಳೆಯ ಅಡಾಪ್ಟರ್ ತಂದು, ಧ್ವಜದ ತಂತಿಯನ್ನು ಡಕ್ಟಿನಿಂದ ಹೊರಗೆ ತೆಗೆದು ಬೇರೆ ದಾರಿಯಲ್ಲಿ ಎಳೆಯುತ್ತೇನೆಂದು ಲತೀಶ್ ಹೇಳಿದ್ದಾನೆ. ಸಮಿತಿ ಒಪ್ಪಬೇಕು. ಅಲ್ಲಿಯವರೆಗೆ ನಮ್ಮ ವಿಂಗಿನ ಹೆಂಗಸರು ಸರದಿಯಲ್ಲಿ ಗಣಪತಿಗೆ ಎಣ್ಣೆ ಹಾಕುತ್ತಿದ್ದೇವೆ. ಕಲ್ಲಿಗೆ ಮಸಿ ಹಿಡಿಯುತ್ತಿದೆ ಎಂದು ಆಗಲೇ ಇಬ್ಬರು ಗೊಣಗಿದ್ದಾರೆ. ಸಂಕಷ್ಟಿಯ ಆರತಿಗೆ ಎಲ್ಇಡಿ ಇರಲೇಬೇಕೆಂದು ಗುಂಪಿನಲ್ಲಿ ಒತ್ತಾಯ ಶುರುವಾಗಿದೆ. ಹಳೆಯ ಅಡಾಪ್ಟರ್ ಎಲ್ಲಿ ಹೋಯಿತೆಂದು ಸೆಕ್ರೆಟರಿ ಎರಡು ಸಲ ಕೇಳಿದ್ದಾರೆ.

ಅದು ನಮ್ಮ ಮನೆಯಲ್ಲಿದೆ, ಆಶ್ರಿತಾಳ ಡೈಪರುಗಳ ಹಿಂದೆ. ಪಾಡಾದಲ್ಲಿ ಇನ್ನೂ ಇಬ್ಬರು ಬಸುರಿಯರಿದ್ದಾರೆ. ಸೆಕ್ರೆಟರಿ ಮೂರನೇ ಸಲವೂ ಕೇಳಲಿ.